ತಾತ ಮಾಡಿದ್ದಕ್ಕೆ ಮೊಮ್ಮಗ ಯಾಕೆ ತಲೆ ತಗ್ಗಿಸಬೇಕು?

ಪ್ರಶ್ನೆ: ನಾವು ಹಾಸನದ ಕಡೆಯವರು. ಆರು ವರ್ಷದಿಂದ ಮ್ಯೂನಿಕ್‌ನಲ್ಲಿದ್ದೇವೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ನಲವತ್ತೈದರ ಆಸುಪಾಸಿನ ಜರ್ಮನ್. ತುಂಬಾ ಒಳ್ಳೆಯ ಮನುಷ್ಯ. ಒಂದು ದಿನ ಊಟದ ಹೊತ್ತಲ್ಲಿ ಮಾತಿಗೆ ಮಾತು ಬಂದು, 'ನಿಮ್ಮ ತಾತ ಯುದ್ಧದಲ್ಲಿ ಇದ್ರಾ?' ಎಂದು ಕೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು. 'ಇದ್ದರು, ಪೂರ್ವದ ಕಡೆ' ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದರು. 80 ವರ್ಷ ಕಳೆದ ಮೇಲೂ ಇಷ್ಟು ಸಂಕೋಚ ಯಾಕೆ? ಇನ್ನೊಂದು ವಿಷಯ. 9ನೇ ಕ್ಲಾಸಿನ ನನ್ನ ಮಗಳು ಶಾಲೆಯವರ ಜೊತೆ ನಾಜಿಗಳ ಕಾಲದ ಡಾಖೌ ಸೆರೆ ಕ್ಯಾಂಪ್ ನೋಡಿ ಬಂದಳು. ಅವತ್ತು ರಾತ್ರಿ ಊಟ ಮಾಡಲಿಲ್ಲ. 'ನಾವೂ ಇಲ್ಲೇ ಇದ್ದೀವಲ್ಲ ಅಪ್ಪ, ನಾವೂ ಸಾರಿ ಹೇಳಬೇಕಾ?' ಅಂದಳು. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ 'ಪೂರ್ವದ ಕಡೆ' ಅನ್ನುವ ಮಾತಿನಿಂದಲೇ ಶುರು ಮಾಡೋಣ. ನಮಗೆ ಅದು ಬರೀ ದಿಕ್ಕು. ಅಲ್ಲಿನ ಎಷ್ಟೋ ಮನೆಗಳಲ್ಲಿ ಆ ಮಾತು ಬಂತೆಂದರೆ ಮುಂದಿನ ಪ್ರಶ್ನೆ ಕೇಳಬೇಡಿ ಅಂತ ಅರ್ಥ.

1941ರ ಜೂನ್‌ನಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿತು. ಫ್ರಾನ್ಸ್ ಕಡೆ ನಡೆದದ್ದೇ ಬೇರೆ, ಇಲ್ಲಿ ನಡೆದದ್ದೇ ಬೇರೆ. ಸೆರೆ ಸಿಕ್ಕ ಸೋವಿಯತ್ ಸೈನಿಕರಲ್ಲಿ ಸುಮಾರು 30 ಲಕ್ಷ ಜನ ಹಸಿವು, ಚಳಿ, ಗುಂಡೇಟಿಗೆ ಸತ್ತರು. ಕೀವ್ ಪಕ್ಕದ ಬಾಬಿ ಯಾರ್ ಕಣಿವೆಯಲ್ಲಿ ಆ ವರ್ಷದ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನದಲ್ಲಿ, 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಲೆಕ್ಕ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಕೊಂದವರೇ ಬರೆದು ಬರ್ಲಿನ್‌ಗೆ ವರದಿ ಕಳಿಸಿದ್ದರು.

ಯುದ್ಧ ಮುಗಿದ ಮೇಲೆ ಜರ್ಮನ್ನರು ಒಂದು ಸಮಾಧಾನದ ಕತೆ ಕಟ್ಟಿಕೊಂಡರು. ಕೆಟ್ಟ ಕೆಲಸವೆಲ್ಲ ಹಿಟ್ಲರನ ಎಸ್‌ಎಸ್ ಪಡೆಯದು, ಸೈನ್ಯ ಬರೀ ಯುದ್ಧ ಮಾಡಿತು ಅಂತ. ಸೈನ್ಯದಲ್ಲಿ ಇದ್ದವರು 1.7 ಕೋಟಿಗೂ ಹೆಚ್ಚು. ಅಂದರೆ ಹೆಚ್ಚುಕಡಿಮೆ ಮನೆಗೊಬ್ಬ. ಹಾಗಾಗಿ ಆ ಕತೆ ಎಲ್ಲರಿಗೂ ಬೇಕಾಗಿತ್ತು. ಅದಕ್ಕೆ ಪೆಟ್ಟು ಬಿದ್ದದ್ದು 1995ರಲ್ಲಿ, ಹ್ಯಾಂಬರ್ಗಿನ ಒಂದು ಸಂಶೋಧನಾ ಸಂಸ್ಥೆ ಸೈನ್ಯದ ಅಪರಾಧಗಳ ಬಗ್ಗೆ ಊರೂರಿಗೆ ಪ್ರದರ್ಶನ ತೆಗೆದುಕೊಂಡು ಹೋದಾಗ. ಸಾಲು ಸಾಲು ಫೋಟೋ. ಎಷ್ಟೋ ಫೋಟೋ ಸೈನಿಕರೇ ತೆಗೆದವು. ನೇಣಿಗೆ ಹಾಕಿದವರ ಪಕ್ಕ ಹಲ್ಲು ಕಿರಿದು ನಿಂತ ಹುಡುಗರು. 8 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಪ್ಪನ ಮುಖವೋ ತಾತನ ಮುಖವೋ ಇದ್ದುಬಿಟ್ಟರೆ ಅನ್ನುವ ಭಯದಲ್ಲೇ ಫೋಟೋಗಳ ಮುಂದೆ ನಿಂತವರಿದ್ದರು. 1997ರಲ್ಲಿ ಅದು ನಿಮ್ಮ ಮ್ಯೂನಿಕ್‌ಗೆ ಬಂದಾಗ ಬೀದಿಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಕೆಲವು ಫೋಟೋಗಳ ವಿವರ ತಪ್ಪಾಗಿದೆ ಎಂದು ಗೊತ್ತಾಗಿ 1999ರಲ್ಲಿ ನಿಲ್ಲಿಸಿದರು, 2001ರಲ್ಲಿ ತಿದ್ದಿ ಮತ್ತೆ ತೆರೆದರು. ಮುಖ್ಯ ಮಾತು ಮಾತ್ರ ಬದಲಾಗಲಿಲ್ಲ.

ನಿಮ್ಮ ಸಹೋದ್ಯೋಗಿಗೆ ಆಗ ಹದಿನೈದು, ಹದಿನಾರು ವಯಸ್ಸು. ತಾತ ಇನ್ನೂ ಬದುಕಿದ್ದಿರಬಹುದು. ಭಾನುವಾರ ಕೇಕ್ ತಿನ್ನಿಸಿದ, ಸೈಕಲ್ ಹೊಡೆಯಲು ಕಲಿಸಿದ ತಾತ. ಆ ತಾತನ ಎದುರು ಕೂತು 'ಅಲ್ಲಿ ನೀನೇನು ಮಾಡಿದೆ?' ಅಂತ ಹದಿನಾರರ ಹುಡುಗ ಕೇಳಬಲ್ಲನೇ? ಕೇಳಲಿಲ್ಲ ಅಂದುಕೊಳ್ಳಿ. ಆಮೇಲೆ ತಾತ ತೀರಿಕೊಂಡರು. ಈಗ ಕೇಳುವುದಕ್ಕೆ ಯಾರೂ ಇಲ್ಲ. ಅವರ ಮುಖ ಸಪ್ಪಗಾದದ್ದಕ್ಕೆ ತಾತನ ತಪ್ಪು ಗೊತ್ತಿರುವುದೇ ಕಾರಣ ಅಂತ ತೀರ್ಮಾನ ಮಾಡಬೇಡಿ. ಗೊತ್ತಿಲ್ಲದಿರುವುದೂ ಕಾರಣ ಇರಬಹುದು. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ.

ಈ ಮೌನ ಎಲ್ಲಿಂದ ಬಂತು ಅಂತ ನೋಡಬೇಕು. 1950ರ ದಶಕದ ಪಶ್ಚಿಮ ಜರ್ಮನಿಯಲ್ಲಿ ಹಳಬರೆಲ್ಲ ಹಳೆಯ ಕುರ್ಚಿಯಲ್ಲೇ ಇದ್ದರು. ಯಹೂದಿಗಳ ಪೌರತ್ವ ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನುಗಳಿಗೆ ವ್ಯಾಖ್ಯಾನ ಬರೆದವರಲ್ಲಿ ಒಬ್ಬ ಹಾನ್ಸ್ ಗ್ಲೋಬ್ಕೆ. ಅದೇ ಮನುಷ್ಯ 1953ರಿಂದ 1963ರವರೆಗೆ ಚಾನ್ಸಲರ್, ಅಂದರೆ ಅಲ್ಲಿನ ಪ್ರಧಾನಿಯ, ಕಚೇರಿಯ ಮುಖ್ಯಸ್ಥ. ಮೇಷ್ಟ್ರು ಅವರೇ, ಜಡ್ಜ್ ಅವರೇ, ಡಾಕ್ಟರ್ ಅವರೇ. ಯಾರು ಯಾರನ್ನು ಕೇಳಬೇಕು? ಆಶ್‌ವಿಟ್ಜ್ ಕ್ಯಾಂಪಿನಲ್ಲಿ ಕೆಲಸ ಮಾಡಿದವರನ್ನು ಜರ್ಮನ್ ಕೋರ್ಟಿಗೆ ಎಳೆದು ತರಲು ಫ್ರಾಂಕ್‌ಫರ್ಟ್‌ನ ಫ್ರಿಟ್ಸ್ ಬವರ್ ಅನ್ನುವ ಹಟಮಾರಿ ಸರ್ಕಾರಿ ವಕೀಲರೇ ಬೇಕಾಯಿತು. ಅವರೇ ಯಹೂದಿ, ದೇಶ ಬಿಟ್ಟು ಓಡಿ ವಾಪಸ್ ಬಂದವರು. ಆ ವಿಚಾರಣೆ ನಡೆದದ್ದು 1963ರಿಂದ 1965ರವರೆಗೆ. ನಮ್ಮಲ್ಲಿ 'ಮಾಡಿದ್ದುಣ್ಣೋ ಮಹಾರಾಯ' ಅಂತಾರಲ್ಲ, ಅಲ್ಲಿ ಮಾಡಿದ ಮಹಾರಾಯರಲ್ಲಿ ಬಹಳಷ್ಟು ಜನ ಉಣ್ಣಲೇ ಇಲ್ಲ. ಪೆನ್ಶನ್ ತೆಗೆದುಕೊಂಡು ಆರಾಮಾಗಿ ಸತ್ತರು. ಎಲೆ ಮೊಮ್ಮಕ್ಕಳ ಮುಂದೆ ಬಿತ್ತು.

1968ರ ಹೊತ್ತಿಗೆ ಕಾಲೇಜು ಹುಡುಗರು ಎದ್ದು ನಿಂತರು, ಅಪ್ಪಂದಿರನ್ನು ಬೈದರು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಬೈದದ್ದು ಹೆಚ್ಚಾಗಿ ಬೀದಿಯಲ್ಲಿ, ಎಲ್ಲರ ಅಪ್ಪಂದಿರನ್ನು ಒಟ್ಟಿಗೆ. ಸ್ವಂತ ಅಪ್ಪನ ಕಾಗದಪತ್ರದ ಡಬ್ಬ ತೆಗೆದು ನೋಡಿದವರು ಕಡಿಮೆ. ಊರ ಮೇಲೆ ಸಿಟ್ಟು ಮಾಡುವುದು ಸುಲಭ, ಅಲ್ವಾ?

ಮೊಮ್ಮಕ್ಕಳ ಕಾಲಕ್ಕೆ ಇನ್ನೊಂದು ವಿಚಿತ್ರ ಆಯಿತು. 2002ರಲ್ಲಿ ಹರಾಲ್ಡ್ ವೆಲ್ತ್ಸರ್ ಮತ್ತು ಅವರ ಜೊತೆಗಾರರು 40 ಜರ್ಮನ್ ಕುಟುಂಬಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದೇ ಮನೆಯ ಅಜ್ಜಿ ತಾತ, ಮಕ್ಕಳು, ಮೊಮ್ಮಕ್ಕಳನ್ನು ಬೇರೆ ಬೇರೆ ಕೂರಿಸಿ ಅದೇ ಯುದ್ಧದ ಕತೆ ಹೇಳಿಸಿದ್ದರು. ಬೆರ್ಗೆನ್-ಬೆಲ್ಸನ್ ಕ್ಯಾಂಪಿನ ಹತ್ತಿರದ ಒಬ್ಬ ಅಜ್ಜಿ ಹೇಳಿದ್ದು ಹೀಗೆ: ಕ್ಯಾಂಪ್ ಬಿಡುಗಡೆಯಾದ ಮೇಲೆ ಅಲ್ಲಿದ್ದವರಿಗೆ ಮನೆಯಲ್ಲಿ ಜಾಗ ಕೊಡಿ ಎಂದು ಬ್ರಿಟಿಷರು ಬಂದರು, ನಾನು ಯಹೂದಿಗಳನ್ನು ಒಳಗೆ ಸೇರಿಸದ ಹಾಗೆ ಉಪಾಯ ಮಾಡಿ ತಪ್ಪಿಸಿಕೊಂಡೆ. ಅಜ್ಜಿಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಅದೇ ಮನೆಯ ಮೊಮ್ಮಗಳ ಬಾಯಲ್ಲಿ ಕತೆ ತಿರುಗಿಬಿಟ್ಟಿತು. ಕ್ಯಾಂಪಿನಿಂದ ತಪ್ಪಿಸಿಕೊಂಡವರನ್ನು ಬಚ್ಚಿಟ್ಟು ಕಾಪಾಡಿದ ಕತೆ ಆಯಿತು. ಆ ಹುಡುಗಿ ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ಶಾಲೆಯಲ್ಲಿ ನಾಜಿಗಳು ಎಷ್ಟು ಕೆಟ್ಟವರು ಅಂತ ಚೆನ್ನಾಗಿ ಕಲಿತಿದ್ದಳು. ಮನೆಯಲ್ಲಿ ಅಜ್ಜಿ ಎಷ್ಟು ಒಳ್ಳೆಯವಳು ಅಂತ ಕಂಡಿದ್ದಳು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಲು ಕತೆಯನ್ನೇ ಸ್ವಲ್ಪ ಸ್ವಲ್ಪ ತಿದ್ದಬೇಕಾಯಿತು. ಪಾಠ ಚೆನ್ನಾಗಿ ಕಲಿತ ಮಕ್ಕಳೇ ತಾತನನ್ನು ಹೆಚ್ಚು ತೊಳೆದು ಬೆಳ್ಳಗೆ ಮಾಡುತ್ತಾರೆ ಅನ್ನುವುದು ಮೇಷ್ಟ್ರಾಗಿದ್ದ ನನಗೆ ನುಂಗಲಾರದ ತುತ್ತು. ಈಗಲೂ ಅದನ್ನು ನೆನೆದರೆ ಕಸಿವಿಸಿ.

ಹಾಗೆ ತೊಳೆಯಲು ಆಗದ ಮನೆಗಳೂ ಇವೆ. ಅಪ್ಪನ ಹೆಸರು ಲೋಕಕ್ಕೆಲ್ಲ ಗೊತ್ತಿರುವ ಮನೆಗಳು. ಹಾನ್ಸ್ ಫ್ರಾಂಕ್ ಅನ್ನುವವನು ಆಕ್ರಮಿತ ಪೋಲೆಂಡಿನ ಗವರ್ನರ್ ಆಗಿದ್ದ. ಯುದ್ಧಾಪರಾಧದ ವಿಚಾರಣೆಯಲ್ಲಿ ಶಿಕ್ಷೆಯಾಗಿ 1946ರ ಅಕ್ಟೋಬರ್ 16ರಂದು ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೇರಿದ. ಆಗ ಅವನ ಕೊನೆಯ ಮಗ ನಿಕ್ಲಾಸ್‌ಗೆ ಏಳು ವರ್ಷ. ಜೈಲಿನಲ್ಲಿ ಕೊನೆಯ ಸಲ ನೋಡಲು ಹೋದಾಗ ಅಪ್ಪ, ಬೇಗ ಮನೆಗೆ ಬರುತ್ತೇನೆ, ಒಟ್ಟಿಗೆ ಕ್ರಿಸ್ಮಸ್ ಮಾಡೋಣ ಅಂದನಂತೆ. ಸಾಯುವುದು ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾನಲ್ಲ ಅಂತ ಆ ಹುಡುಗನಿಗೆ ಅನ್ನಿಸಿತು. ಗಲ್ಲಾದ ಮೇಲೆ ತೆಗೆದ ಅಪ್ಪನ ಹೆಣದ ಫೋಟೋವನ್ನು ನಿಕ್ಲಾಸ್ ಫ್ರಾಂಕ್ ಜೇಬಿನಲ್ಲಿ ಇಟ್ಟುಕೊಂಡೇ ಬದುಕಿದವರು. ಅಪ್ಪ ಸತ್ತಿದ್ದಾನೆ ಅಂತ ಖಾತ್ರಿ ಮಾಡಿಕೊಳ್ಳಲು.

ಅದೇ 1939ರಲ್ಲಿ ಹುಟ್ಟಿದ ಇನ್ನೊಬ್ಬರು ಹೋರ್ಸ್ಟ್ ವೆಖ್ಟರ್. ಅವರಪ್ಪ ಓಟೋ ವೆಖ್ಟರ್ ಕೂಡ ಪೋಲೆಂಡಿನಲ್ಲಿ ಫ್ರಾಂಕ್‌ನ ಕೈಕೆಳಗೆ ದೊಡ್ಡ ಅಧಿಕಾರಿ. ಈ ಮಗನ ವಾದವೇ ಬೇರೆ: ವ್ಯವಸ್ಥೆ ಕೆಟ್ಟದ್ದಿರಬಹುದು, ನನ್ನಪ್ಪ ಒಳ್ಳೆಯವನು. ಕಾಗದಪತ್ರ ಮುಂದೆ ಹಿಡಿದರೂ ಅದೇ ಮಾತು. ಇಬ್ಬರೂ ಒಬ್ಬರಿಗೊಬ್ಬರು ಪರಿಚಯದವರು. ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರನ ಮಗಳು ಗುಡ್ರುನ್ ಅಂತೂ 2018ರಲ್ಲಿ ಸಾಯುವವರೆಗೂ ಅಪ್ಪನ ಪರವೇ, ಹಳೇ ನಾಜಿಗಳಿಗೆ ನೆರವು ಕೊಡುವ ಗುಂಪಿನಲ್ಲೇ ಇದ್ದಳು.

ನನಗೆ ಇವರೆಲ್ಲರಿಗಿಂತ ಮನಸ್ಸಿನಲ್ಲಿ ಉಳಿದವರು ಜೆನಿಫರ್ ಟೀಗೆ. ಅಮ್ಮ ಜರ್ಮನ್, ಅಪ್ಪ ನೈಜೀರಿಯಾದವರು. ಚಿಕ್ಕಂದಿನಲ್ಲೇ ಬೇರೆ ಮನೆಗೆ ದತ್ತು ಹೋದವರು. ಇಸ್ರೇಲಿನಲ್ಲಿ ಓದಿ ಹೀಬ್ರೂ ಕಲಿತವರು. 2008ರಲ್ಲಿ, 38ನೇ ವಯಸ್ಸಿನಲ್ಲಿ, ಹ್ಯಾಂಬರ್ಗಿನ ಲೈಬ್ರರಿಯಲ್ಲಿ ಸುಮ್ನೆ ಒಂದು ಪುಸ್ತಕ ಕೈಗೆ ತೆಗೆದುಕೊಂಡರು. ನೋಡಿದರೆ ಒಳಗೆ ಹೆತ್ತಮ್ಮನ ಫೋಟೋ. ತನ್ನ ತಾತ ಪೋಲೆಂಡಿನ ಪ್ಲಾಶೋವ್ ನಾಜಿ ಕ್ಯಾಂಪಿನ ಕಮಾಂಡರ್ ಆಮೋನ್ ಗ್ಯೋಟ್ ಅನ್ನುವುದು ಅಲ್ಲೇ, ಕಪಾಟುಗಳ ಮಧ್ಯೆ ನಿಂತೇ ಗೊತ್ತಾಯಿತು. ಆ ತಾತನ ಲೆಕ್ಕದಲ್ಲಿ ಇವರು ಮನುಷ್ಯರೇ ಅಲ್ಲ. ಆದರೂ ಇಸ್ರೇಲಿನ ಗೆಳತಿಯರಿಗೆ ಮುಖ ತೋರಿಸುವುದು ಹೇಗೆ ಅಂತ ಒದ್ದಾಡಿ ಖಿನ್ನತೆಗೆ ಬಿದ್ದವರು ಇವರೇ. ರಕ್ತದಲ್ಲಿ ತಪ್ಪು ಹರಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ತಪ್ಪು ಹರಿಯದಿದ್ದರೂ ನೋವು ಬಂದು ತಟ್ಟುತ್ತದೆ ಅನ್ನುವುದಕ್ಕೂ ಇದೇ ಉದಾಹರಣೆ.

ಹಾಗಾದರೆ ವಂಶದಲ್ಲಿ ಬರುವುದು ಏನು? ಕಾರ್ಲ್ ಯಾಸ್ಪರ್ಸ್ ಅನ್ನುವ ತತ್ವಶಾಸ್ತ್ರದ ಪ್ರೊಫೆಸರ್, ಹೆಂಡತಿ ಯಹೂದಿ ಅನ್ನುವ ಕಾರಣಕ್ಕೆ 1937ರಲ್ಲಿ ಕೆಲಸ ಕಳೆದುಕೊಂಡವರು, ಯುದ್ಧ ಮುಗಿದ ಮೊದಲ ಚಳಿಗಾಲದಲ್ಲೇ ಹೈಡೆಲ್‌ಬರ್ಗ್‌ನಲ್ಲಿ ಇದರ ಬಗ್ಗೆ ಪಾಠ ಮಾಡಿದರು. ತಪ್ಪನ್ನೆಲ್ಲ ಒಂದೇ ಮೂಟೆ ಕಟ್ಟಬೇಡಿ, ಬಿಡಿಸಿ ನೋಡಿ ಅಂದರು. ಕಾನೂನಿನ ಅಪರಾಧ ಮಾಡಿದವನದು ಮಾತ್ರ, ಅದನ್ನು ಕೋರ್ಟು ನೋಡಿಕೊಳ್ಳುತ್ತದೆ. ಮನಸ್ಸಾಕ್ಷಿಯ ತಪ್ಪು ಅವರವರದು, ಹೊರಗಿನವರು ತೀರ್ಪು ಕೊಡಲಾಗದು. ಆದರೆ ದೇಶದ ಹೆಸರಲ್ಲಿ ಆದದ್ದಕ್ಕೆ ದೇಶದ ಪ್ರಜೆಗಳೆಲ್ಲ ಬೆಲೆ ತೆರಬೇಕು. ದೇವರ ಮುಂದಿನ ತಪ್ಪು ಅಂತ ನಾಲ್ಕನೆಯದೂ ಇದೆ, ಅದು ನನ್ನ ಬುದ್ಧಿಗೆ ಮೀರಿದ್ದು.

ಜರ್ಮನ್ ಭಾಷೆಯಲ್ಲಿ 'ಶುಲ್ಡ್' ಅಂದರೆ ತಪ್ಪು. ಅದರ ಬಹುವಚನ 'ಶುಲ್ಡನ್' ಅಂದರೆ ಸಾಲ. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿರುವುದು ನಿಮ್ಮ ಮಗಳಿಗೆ ಹೇಳಲು ಅನುಕೂಲವೇ ಆಯಿತು. ಅಪ್ಪ ಕೊಲೆ ಮಾಡಿದರೆ ಮಗನನ್ನು ಜೈಲಿಗೆ ಹಾಕುವುದಿಲ್ಲ. ಅಪ್ಪ ಸಾಲ ಮಾಡಿ ಸತ್ತರೆ, ಬ್ಯಾಂಕಿನವರು ಬಂದೇ ಬರುತ್ತಾರೆ. ಅದೂ ಎಷ್ಟಕ್ಕೆ? ಅಪ್ಪನ ಆಸ್ತಿ ಎಷ್ಟು ಕೈಗೆ ಬಂದಿದೆಯೋ ಅಷ್ಟರ ಮಟ್ಟಿಗೆ.

ಜರ್ಮನಿಯಲ್ಲಿ ಆ ಆಸ್ತಿ ಬರೀ ಮಾತಿನದಲ್ಲ. 1941ರ ನವೆಂಬರ್‌ನಲ್ಲಿ ಬಂದ ಆಜ್ಞೆ ಪ್ರಕಾರ, ಗಡಿಯಾಚೆ ಸಾಗಿಸಿದ ಯಹೂದಿಗಳ ಮನೆ, ಸಾಮಾನು ಎಲ್ಲ ಸರ್ಕಾರಕ್ಕೆ. ತೆರಿಗೆ ಇಲಾಖೆಯವರು ಬಂದು ಪಟ್ಟಿ ಮಾಡುತ್ತಿದ್ದರು. ಮಂಚ, ಬೀರು, ಹಾಸಿಗೆ ಹೊದಿಕೆ, ಚಮಚ. ಆಮೇಲೆ ಹರಾಜು. ಅಕ್ಕಪಕ್ಕದವರೇ ಬಂದು ಕೂಗಿ ಕೊಂಡುಹೋದರು. ಅಜ್ಜಿ ಮನೆಯಿಂದ ಬಂದ ಕೆತ್ತನೆಯ ಬೀರುವಿನ ಬಾಗಿಲ ಒಳಗೆ ಯಾರದೋ ಹೆಸರಿನ ಚೀಟಿ ಇದ್ದರೆ ಮೊಮ್ಮಗಳು ಏನು ಮಾಡಬೇಕು? ಆ ಬೀರುವಿನಲ್ಲಿ ಸೀರೆ, ಅಲ್ಲ, ಅವರ ಲೆಕ್ಕದಲ್ಲಿ ಬೆಡ್‌ಶೀಟು, ಮಡಿಸಿಟ್ಟುಕೊಂಡು ಬದುಕುವುದಾ? ನೀವು ಕೇಳಿದ 'ಇನ್ನೂ ಯಾಕೆ' ಅನ್ನುವುದಕ್ಕೆ ನನ್ನ ಉತ್ತರ ಇಂಥ ಬೀರುವಿನ ಬಾಗಿಲಲ್ಲಿದೆ.

ಸರ್ಕಾರದ ಮಟ್ಟದಲ್ಲಿ ಸಾಲ ತೀರಿಸುವುದು ಮಾತಿಗಿಂತ ಮೊದಲೇ ದುಡ್ಡಿನಿಂದ ಶುರುವಾಯಿತು. 1952ರ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿ ಇಸ್ರೇಲಿಗೆ 300 ಕೋಟಿ ಮಾರ್ಕ್ ಕೊಡಲು ಒಪ್ಪಿತು. ಕೈದಿಗಳಂತೆ ದುಡಿಸಿಕೊಂಡ ಕಾರ್ಮಿಕರಿಗೆ ಪರಿಹಾರದ ನಿಧಿ ಬಂದದ್ದು ಮಾತ್ರ 2000ದಲ್ಲಿ, ಸರ್ಕಾರ ಅರ್ಧ ಕಂಪನಿಗಳು ಅರ್ಧ ಹಾಕಿ, 1,000 ಕೋಟಿ ಮಾರ್ಕ್. ಅಷ್ಟೊತ್ತಿಗೆ ಎಷ್ಟೋ ಜನ ಸತ್ತೇ ಹೋಗಿದ್ದರು. 1970ರ ಡಿಸೆಂಬರ್ 7ರಂದು ಚಾನ್ಸಲರ್ ವಿಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ ಯಹೂದಿಗಳ ಬಂಡಾಯದ ಸ್ಮಾರಕದ ಮುಂದೆ ಒದ್ದೆ ನೆಲದ ಮೇಲೆ ಮಂಡಿಯೂರಿದರು. ಈಗ ಅದನ್ನು ಎಲ್ಲರೂ ಕೊಂಡಾಡುತ್ತಾರೆ. ಆಗ ನಡೆದ ಒಂದು ಸಮೀಕ್ಷೆಯಲ್ಲಿ ಶೇ 48 ಜನ 'ಇದು ಅತಿಯಾಯಿತು' ಅಂದಿದ್ದರು. ತಮಾಷೆ ಅಂದರೆ, ಬ್ರಾಂಟ್ ಹಿಟ್ಲರನ ಕಾಲದಲ್ಲಿ ನಾರ್ವೆಗೆ ಓಡಿಹೋಗಿ ನಾಜಿಗಳ ವಿರುದ್ಧ ದುಡಿದವರು. ಮಂಡಿಯೂರಬೇಕಾದವರು ಮನೆಯಲ್ಲಿ ಟಿವಿ ನೋಡುತ್ತಿದ್ದರು.

1985ರ ಮೇ 8ರಂದು ಅಧ್ಯಕ್ಷ ರಿಚರ್ಡ್ ಫಾನ್ ವೈತ್ಸೆಕರ್ ಮಾಡಿದ ಭಾಷಣ ಇನ್ನೊಂದು ತಿರುವು. ಜರ್ಮನಿ ಸೋತ ಆ ದಿನ ನಮಗೆ ಬಿಡುಗಡೆಯ ದಿನ ಎಂದರು. ಆಗ ಹುಟ್ಟಿರದ ಮಕ್ಕಳು ತಪ್ಪು ಒಪ್ಪಿಕೊಳ್ಳಬೇಕಿಲ್ಲ, ಆದರೆ ಹಿರಿಯರು ಬಿಟ್ಟುಹೋದ ಭಾರ ಅವರ ಪಾಲಿಗೂ ಬಂದಿದೆ ಎಂಬ ಅರ್ಥದ ಮಾತು ಹೇಳಿದರು. ಇದೇ ವೈತ್ಸೆಕರ್ ಅವರ ಅಪ್ಪ ಹಿಟ್ಲರನ ವಿದೇಶಾಂಗ ಖಾತೆಯ ಕಾರ್ಯದರ್ಶಿ, ನ್ಯೂರೆಂಬರ್ಗ್‌ನಲ್ಲಿ ಶಿಕ್ಷೆಯಾದವರು. ಲಾ ಓದುತ್ತಿದ್ದ ಮಗ ಅಪ್ಪನ ಪರ ವಕೀಲರಿಗೆ ನೆರವಾಗಿದ್ದ. ಅಪ್ಪನಿಗೆ ಕೊಟ್ಟ ಶಿಕ್ಷೆ ಅನ್ಯಾಯದ್ದು ಅಂತಲೇ ಕೊನೆಯವರೆಗೆ ಅವರ ನಂಬಿಕೆ. ಇಡೀ ದೇಶಕ್ಕೆ ಕಣ್ಣು ತೆರೆಸಿದ ಮನುಷ್ಯನಿಗೂ ಸ್ವಂತ ಮನೆಯ ಬಾಗಿಲು ಭಾರವಾಗಿತ್ತು. ನಿಮ್ಮ ಸಹೋದ್ಯೋಗಿ ತಟ್ಟೆ ಎತ್ತಿಕೊಂಡು ಹೋದದ್ದನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಂತ ಜರ್ಮನ್ನರನ್ನು ತೀರಾ ಹೊಗಳುವ ಮನಸ್ಸೂ ನನಗಿಲ್ಲ. ನೆನಪು ಮಾಡಿಕೊಳ್ಳುವುದರಲ್ಲಿ ನಾವೇ ಮುಂದು ಅನ್ನುವ ಹೆಮ್ಮೆ ಕೆಲವರಲ್ಲಿ ಬಂದುಬಿಟ್ಟಿದೆ. ಆಗ ತಮ್ಮ ವಸಾಹತಾಗಿದ್ದ ನಮೀಬಿಯಾದಲ್ಲಿ 1904ರಿಂದ 1908ರವರೆಗೆ ಹೆರೆರೋ ಮತ್ತು ನಾಮಾ ಜನರನ್ನು ಕೊಂದದ್ದು ನರಮೇಧ ಅಂತ ಜರ್ಮನ್ ಸರ್ಕಾರ ಒಪ್ಪಿಕೊಂಡದ್ದು 2021ರಲ್ಲಿ. ಸ್ಟುಟ್‌ಹೋಫ್ ಕ್ಯಾಂಪಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಹೆಂಗಸಿಗೆ 2022ರಲ್ಲಿ, 97ನೇ ವಯಸ್ಸಿನಲ್ಲಿ, ಶಿಕ್ಷೆ ಕೊಟ್ಟರು. ತಪ್ಪು ನಡೆದಾಗ ಹದಿನೆಂಟು ಹತ್ತೊಂಬತ್ತರವಳು ಅಂತ ಮಕ್ಕಳ ಕೋರ್ಟಿನಲ್ಲಿ ವಿಚಾರಣೆ. ಅವಳ ಮೇಲಿದ್ದ ಸಾಹೇಬರಲ್ಲಿ ಬಹಳ ಜನ ಮುಂಚೆಯೇ ಜಾರಿಕೊಂಡಿದ್ದರು. ಈಗ ಎಎಫ್‌ಡಿ ಅನ್ನುವ ಕಡು ಬಲಪಂಥೀಯ ಪಕ್ಷದವರು 'ಸಾಕು ಇದು, ಗೆರೆ ಎಳೆಯಿರಿ' ಅಂತ ಬಹಿರಂಗವಾಗಿ ಹೇಳುತ್ತಾರೆ, ಓಟೂ ಬೀಳುತ್ತದೆ.

ಸರಿ, ನಿಮ್ಮ ಮಗಳ ವಿಷಯ. 'ಇಲ್ಲ ಪುಟ್ಟಿ, ನೀನು ಸಾರಿ ಹೇಳಬೇಕಿಲ್ಲ' ಅಂತ ಮೊದಲು ನೇರವಾಗಿ ಹೇಳಿಬಿಡಿ. ಡಾಖೌ 1933ರ ಮಾರ್ಚ್ 22ರಂದು ಶುರುವಾದ ಕ್ಯಾಂಪ್. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿ ಕೂಡಿಹಾಕಿದ್ದರು, ಕಡಿಮೆ ಅಂದರೂ 41,500 ಜನ ಸತ್ತರು. ಅದನ್ನು ನೋಡಿ ಬಂದ ಹದಿನಾಲ್ಕರ ಹುಡುಗಿ ಒಂದು ರಾತ್ರಿ ಊಟ ಬಿಟ್ಟರೆ ಅದರಲ್ಲಿ ಗಾಬರಿಯಾಗುವುದು ಏನಿಲ್ಲ. ಊಟ ಬಿಡದಿದ್ದರೆ ನನಗೆ ಯೋಚನೆ ಆಗುತ್ತಿತ್ತು.

ಆದರೆ 'ನಮಗೂ ಅದಕ್ಕೂ ಏನೂ ಸಂಬಂಧ ಇಲ್ಲ' ಅಂತ ಮಾತ್ರ ಮುಗಿಸಬೇಡಿ. ನಾಳೆ ನೀವು ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕಿದರೆ, 2024ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ನಾಜಿ ಆಡಳಿತ ಮತ್ತು ಅದರ ಪರಿಣಾಮಗಳ ಬಗ್ಗೆ ಜರ್ಮನಿಗೆ ವಿಶೇಷ ಹೊಣೆ ಇದೆ, ಅದರಲ್ಲೂ ಯಹೂದಿಗಳ ರಕ್ಷಣೆಯ ಹೊಣೆ ಇದೆ, ಎಂದು ನೀವೂ ಒಪ್ಪಿ ಹೇಳಬೇಕು. ಹಾಸನದವರಾದರೂ ಸರಿ. ಮನೆ ಕೊಂಡವನು ಮನೆಯ ಸೋರುವ ಸೂರನ್ನೂ ಕೊಂಡ ಹಾಗೆ. ಇನ್ನೊಂದು ಚಿಕ್ಕ ವಿಷಯ: ಮನೆಯಲ್ಲಿ ಕಟ್ಟುನಿಟ್ಟಿನ ಮೇಷ್ಟ್ರನ್ನು 'ದೊಡ್ಡ ಹಿಟ್ಲರ್' ಅನ್ನುವ ನಮ್ಮ ಅಭ್ಯಾಸ ಬಿಡಿ. ಊರಲ್ಲಿ ಅದು ನಗು. ಅಲ್ಲಿ ಮಗಳು ಕ್ಲಾಸಿನಲ್ಲಿ ಬಾಯಿ ತಪ್ಪಿ ಅಂದರೆ ತಲೆಗಳು ತಿರುಗುತ್ತವೆ.

ಸಾರಿ ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡುವ ದಾರಿ ಅಲ್ಲಿನ ಹುಡುಗರಿಗೆ 1958ರಿಂದಲೇ ಇದೆ. ಲೋಥರ್ ಕ್ರೈಸಿಗ್, ನಾಜಿಗಳು ಅಂಗವಿಕಲರನ್ನು ಕೊಲ್ಲುವುದನ್ನು ಎದುರಿಸಿದ ಜಡ್ಜ್, ಶುರು ಮಾಡಿದ ಸಂಸ್ಥೆಯೊಂದು ಯುವಕರನ್ನು ಪೋಲೆಂಡ್, ಇಸ್ರೇಲ್ ಮುಂತಾದ ಕಡೆ ಸೇವೆಗೆ ಕಳಿಸುತ್ತದೆ. ಕ್ಯಾಂಪಿನಿಂದ ಬದುಕಿ ಬಂದ ಮುದುಕರಿಗೆ ಊಟ ಬಡಿಸುವುದು, ಜೊತೆಗೆ ಕೂರುವುದು, ಇಂಥವೇ ಕೆಲಸ.

ಸಹೋದ್ಯೋಗಿಯ ಹತ್ತಿರ ಮತ್ತೆ ನೀವಾಗಿ ಆ ಮಾತು ಎತ್ತಬೇಡಿ. ಅವರೇ ಎತ್ತಿದರೆ ಕೇಳಿಸಿಕೊಳ್ಳಿ. ತಾತ ಎಲ್ಲಿದ್ದರು ಅಂತ ತಿಳಿಯುವ ಆಸೆ ಅವರಿಗಿದ್ದರೆ, ಸೈನ್ಯದ ದಾಖಲೆ ಮತ್ತು ನಾಜಿ ಪಕ್ಷದ ಸದಸ್ಯರ ಕಾರ್ಡುಗಳು ಜರ್ಮನಿಯ ರಾಷ್ಟ್ರೀಯ ದಾಖಲೆ ಕಚೇರಿಯಲ್ಲಿವೆ. ಮನೆಯವರು ಅರ್ಜಿ ಬರೆದು ಕೇಳಬಹುದು. ಅವರಿಗೂ ಇದು ಗೊತ್ತಿರುತ್ತದೆ. ಗೊತ್ತಿದ್ದೂ ಬರೆಯದವರು ಬೇಕಾದಷ್ಟು ಜನ. ಮತ್ತೆ, ನಿಮ್ಮ ಮನೆಯಲ್ಲಿ ಮಾತಾಡದ ವಿಷಯ ಯಾವುದು ಅಂತ ಅವರು ತಿರುಗಿ ಕೇಳಿದರೆ ಸಿದ್ಧರಾಗಿರಿ. ನನ್ನನ್ನು ಒಬ್ಬ ಜರ್ಮನ್ ಗೆಳೆಯ ಹಾಗೇ ಕೇಳಿದ. ನನಗೆ ತಟ್ಟನೆ ನೆನಪಾದದ್ದು ನಮ್ಮ ಹಿತ್ತಿಲ ಗೋಡೆಯ ಮೇಲೆ ಬೋರಲು ಹಾಕಿಟ್ಟಿರುತ್ತಿದ್ದ ಅಲ್ಯೂಮಿನಿಯಂ ಲೋಟ. ಗದ್ದೆ ಕೆಲಸಕ್ಕೆ ಬರುತ್ತಿದ್ದವರಿಗೆ ಅಂತ ಬೇರೆ ಇಟ್ಟ ಲೋಟ. ನನ್ನ ಅಜ್ಜಿ ತುಂಬಾ ಒಳ್ಳೆಯವಳು. ನಾನೂ ತಟ್ಟೆ ಎತ್ತಿಕೊಂಡು ಎದ್ದೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಅಪ್ಪ ಮಗಳು ಸೇರಿ ಮಾಡಿ. ಬೇರೆ ಊರುಗಳಲ್ಲಿ ನೀವು ಫುಟ್‌ಪಾತಿನಲ್ಲಿ ಅಂಗೈ ಅಗಲದ ಹಿತ್ತಾಳೆ ಕಲ್ಲು ನೋಡಿರುತ್ತೀರಿ. 'ಇಲ್ಲಿ ವಾಸವಿದ್ದರು' ಎಂದು ಶುರುವಾಗಿ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ದಿನ, ಸತ್ತ ಜಾಗ ಇರುತ್ತದೆ. ಒಬ್ಬರಿಗೆ ಒಂದು ಕಲ್ಲು. ಎಡವುಗಲ್ಲು ಅನ್ನಬಹುದು. ಗುಂಟರ್ ಡೆಮ್ನಿಶ್ ಅನ್ನುವ ಕಲಾವಿದ 1992ರಲ್ಲಿ ಶುರು ಮಾಡಿದ್ದು. 2023ರಲ್ಲಿ ಒಂದು ಲಕ್ಷದ ಕಲ್ಲು ಬಿತ್ತು. ಮ್ಯೂನಿಕ್‌ನ ಸಾರ್ವಜನಿಕ ರಸ್ತೆಗಳಲ್ಲಿ ಮಾತ್ರ ಅದಕ್ಕೆ ಅನುಮತಿ ಇಲ್ಲ. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ ಕ್ನೋಬ್ಲೋಖ್, ಬಾಲಕಿಯಾಗಿದ್ದಾಗ ಹಳ್ಳಿಯ ರೈತರ ಮನೆಯಲ್ಲಿ ಬಚ್ಚಿಟ್ಟುಕೊಂಡು ಬದುಕಿದವರು, ಸತ್ತವರ ಹೆಸರನ್ನು ಮತ್ತೆ ಕಾಲಲ್ಲಿ ತುಳಿಯುವುದು ಬೇಡ ಅಂದರು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಆ ಮಾತು ಬೇಗ ಅರ್ಥವಾಗುತ್ತದೆ. ಕಲ್ಲಿನ ಪರ ಇರುವವರು, ಓದಬೇಕಾದರೆ ಬಗ್ಗಲೇಬೇಕಲ್ಲ, ಅದೇ ನಮಸ್ಕಾರ, ಅನ್ನುತ್ತಾರೆ. ಹಾಗಾಗಿ 2018ರಿಂದ ನಿಮ್ಮ ಊರಲ್ಲಿ ಗೋಡೆಯ ಮೇಲೆ, ಇಲ್ಲವೇ ಕಂಬದ ಮೇಲೆ, ಚಿನ್ನದ ಬಣ್ಣದ ಫಲಕ ಹಾಕುತ್ತಿದ್ದಾರೆ. ಕಣ್ಣಿನ ಮಟ್ಟಕ್ಕೆ.

ಮ್ಯೂನಿಕ್ ನಗರದ ದಾಖಲೆ ಕಚೇರಿಯವರು ಊರಿನಿಂದ ಸಾಗಿಸಿದ ಯಹೂದಿಗಳ ಹೆಸರು, ವಿವರಗಳ ನೆನಪಿನ ಪುಸ್ತಕ ಮಾಡಿ ಇಂಟರ್‌ನೆಟ್‌ನಲ್ಲೂ ಇಟ್ಟಿದ್ದಾರೆ. ನಿಮ್ಮ ಬೀದಿಯಲ್ಲಿ, ನಿಮ್ಮ ಕಟ್ಟಡದಲ್ಲಿ, ನಿಮ್ಮ ಅಡುಗೆಮನೆ ಇರುವ ಜಾಗದಲ್ಲಿ ಆಗ ಯಾರಿದ್ದರು ಅಂತ ಮಗಳಿಗೆ ಹುಡುಕಲು ಹೇಳಿ. ಅವಳದೇ ವಯಸ್ಸಿನವರು ಯಾರಾದರೂ ಸಿಕ್ಕರೆ ನನಗೂ ಒಂದು ಸಾಲು ಬರೆಯಿರಿ.